ಕೋವಿ ಪರವಾನಗಿಯೂ ಕಾಯುವ ಬೆಳೆಗಾರನೂ

ನಮ್ಮ ಸಂಘದ ಕಚೇರಿಗೆ ಸದಸ್ಯರು ಬರುವುದು ಸಾಮಾನ್ಯವಾಗಿ ಗೊಬ್ಬರ, ಮೈಲುತುತ್ತು, ಬೆಳೆಸಾಲ ಮತ್ತು ಅಡಿಕೆಯ ಧಾರಣೆ, ಈ ನಾಲ್ಕು ವಿಷಯಗಳಿಗಾಗಿ. ಈಚಿನ ವರ್ಷಗಳಲ್ಲಿ ಐದನೆಯದೊಂದು ಸೇರಿಕೊಂಡಿದೆ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಪಹಣಿ, ಆಧಾರ್ ಪ್ರತಿ, ಅಂಚು ಹರಿದ ಸ್ವೀಕೃತಿ ಚೀಟಿ. ಮಳೆಯ ಮಾತು, ಕೊಳೆರೋಗದ ಮಾತು ಎಲ್ಲ ಮುಗಿದು ಏಳುವ ಹೊತ್ತಿಗೆ, "ಸೆಕ್ರೆಟ್ರಿಯವರೇ, ನಮ್ಮ ಕೋವಿ ಅರ್ಜಿ ಎಲ್ಲಿಗೆ ಬಂತು ಅಂತ ಒಂದು ಮಾತು ವಿಚಾರಿಸ್ಲಿಕ್ಕೆ ಆಗ್ತದಾ?" ಎಂದು ಮೆಲ್ಲಗೆ ಕೇಳುತ್ತಾರೆ.

ಸಹಕಾರ ಸಂಘಕ್ಕೂ ಕೋವಿಗೂ ಯಾವ ಸಂಬಂಧವೂ ಇಲ್ಲ. ಆದರೆ ಕೋವಿಗೂ ಬೆಳೆಗೂ ಸಂಬಂಧವಿದೆ. ಬೆಳೆಗೂ ಸಂಘದ ಸಾಲ ವಸೂಲಿಗೂ ಇರುವ ಸಂಬಂಧವನ್ನು ಸದಸ್ಯರಿಗೆ ನಾನು ಬೇರೆ ವಿವರಿಸಬೇಕಾಗಿಲ್ಲ. ಒಬ್ಬೊಬ್ಬರಿಗೆ ಬಿಡಿಯಾಗಿ ಹೇಳಿದ್ದನ್ನೇ ಹೇಳುವ ಬದಲು ಎಲ್ಲರಿಗೂ ಒಟ್ಟಾಗಿ ಬರೆದುಬಿಡುವುದು ಲೇಸೆಂದು ಈ ಲೇಖನ.

ಕೋವಿ ಏಕೆ ಬೇಕು ಎಂದು ಪೇಟೆಯ ನೆಂಟರು ಕೇಳುವುದುಂಟು. ಅವರು ಒಂದು ಬೆಳಿಗ್ಗೆ ತೋಟಕ್ಕೆ ಬಂದು ನಿಂತರೆ ಸಾಕು. ಮಂಗನ ಹಿಂಡು ಒಂದು ಮೂಲೆಯಿಂದ ಹೊಕ್ಕರೆ ಎಳೆ ಅಡಿಕೆಯನ್ನು ಚೀಪಿ ಚೀಪಿ ಉದುರಿಸುತ್ತ ಇನ್ನೊಂದು ಮೂಲೆಯಿಂದ ಹೊರಡುತ್ತದೆ. ತಿಂದದ್ದು ಕಾಲು ಪಾಲು, ಕೆಡಿಸಿದ್ದು ಮುಕ್ಕಾಲು. ಕಾಡುಹಂದಿ ರಾತ್ರಿ ಬಂದು ಬಾಳೆಯ ಬುಡ ಅಗೆದು, ಹೊಸದಾಗಿ ನೆಟ್ಟ ಅಡಿಕೆ ಸಸಿಯನ್ನು ಮಗುಚಿ ಹೋಗುತ್ತದೆ. ಮುಳ್ಳುಹಂದಿಗೂ ಸಸಿಯ ಬುಡವೇ ರುಚಿ. ಕಾಟಿ ಒಳಗೆ ಹೊಕ್ಕರೆ ಎಳೆಯ ಕಾಫಿ ಗಿಡದ ಮೇಲೆ ನಡೆದದ್ದೇ ದಾರಿ. ಆನೆಯ ವಿಷಯ ಬೇರೆಯೇ ಬರೆಯಬೇಕು. ಐವತ್ತು ಎಕರೆಯವರಿಗೆ ಇದೆಲ್ಲ ಲೆಕ್ಕಪುಸ್ತಕದ ಒಂದು ಸಾಲು. ಎರಡೆಕರೆ ಬಾಗಾಯ್ತಿನವನಿಗೆ ಅದೇ ಮಗಳ ಕಾಲೇಜಿನ ಫೀಸು.

ಈಗ ಕಾನೂನಿನ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆ 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರ 13ನೆಯ ಕಲಮು ಬೆಳೆಗಾರನನ್ನು ಹೆಸರಿಸಿಯೇ ಮಾತಾಡುತ್ತದೆ ಎಂಬುದನ್ನು ಎಷ್ಟು ಮಂದಿ ಬಲ್ಲರೋ ಕಾಣೆ. ಬೆಳೆರಕ್ಷಣೆಯ ನಿಜವಾದ ಉದ್ದೇಶಕ್ಕೆ ಬಾಯಿಯಿಂದ ಮದ್ದು ತುಂಬುವ ಕೋವಿ, ಅಂದರೆ ನಮ್ಮ ಕೇಪಿನ ಕೋವಿಯನ್ನು ಕೇಳಿದರೆ ಪರವಾನಗಿ ಕೊಡತಕ್ಕದ್ದು ಎಂದೇ ಅದರಲ್ಲಿದೆ. ಕೇಪಿನ ಕೋವಿ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನಯ ನಳಿಗೆಯ ತೋಟಾ ಕೋವಿಯನ್ನೂ ಕೊಡಬಹುದು. 14ನೆಯ ಕಲಮಿನಲ್ಲಿ ನಿರಾಕರಣೆಯ ಕಾರಣಗಳಿವೆ: ಅರ್ಜಿದಾರನಿಗೆ ಕಾನೂನಿನ ನಿಷೇಧವಿದ್ದರೆ, ಬುದ್ಧಿ ಸ್ವಸ್ಥವಿಲ್ಲದಿದ್ದರೆ, ಸಾರ್ವಜನಿಕ ಶಾಂತಿಗೆ ಭಂಗ ಬರುವಂತಿದ್ದರೆ ಇತ್ಯಾದಿ. ಅದೇ ಕಲಮಿನಲ್ಲಿ ಸಣ್ಣ ಹಿಡುವಳಿದಾರರು ಬರೆದಿಟ್ಟುಕೊಳ್ಳಬೇಕಾದ ಒಂದು ಮಾತೂ ಇದೆ. ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಯಾರಿಗೂ ಪರವಾನಗಿ ನಿರಾಕರಿಸುವಂತಿಲ್ಲ.

ಹಾಗಿದ್ದಮೇಲೆ ಕೊಡಗಿನವರಿಗೆ ಇಲ್ಲದ ಪರವಾನಗಿ ನಮಗೇಕೆ ಎಂದು ಮಹಾಸಭೆಯಲ್ಲೂ ಒಬ್ಬರು ಕೇಳಿದ್ದುಂಟು. ಅದು ಹಳೆಯ ಕಥೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಕೊಟ್ಟ ವಿನಾಯಿತಿ ಇಂದಿನ ಕಾಯ್ದೆಯ 41ನೆಯ ಕಲಮಿನಡಿ ಮುಂದುವರಿದು ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಪ್ರಶ್ನಿಸಿ ಹಾಕಿದ ಅರ್ಜಿಯನ್ನು ನಮ್ಮ ಉಚ್ಚ ನ್ಯಾಯಾಲಯ 2021ರಲ್ಲಿ ತಳ್ಳಿಹಾಕಿತು. ಈ ವಿನಾಯಿತಿ ಇರುವುದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಮಾತ್ರ. ಕೊಡಗಿನಲ್ಲೇ ಇರುವ ಉಳಿದ ಬೆಳೆಗಾರರು ನಮ್ಮ ಹಾಗೆಯೇ ಅರ್ಜಿ ಹಾಕಿ ಕಾಯತಕ್ಕವರು.

ಕಾಯುವುದು ಎಲ್ಲಿ, ಏಕೆ ಎಂಬುದೇ ಮುಖ್ಯ ಪ್ರಶ್ನೆ. 2016ರ ನಿಯಮಾವಳಿಯ ಪ್ರಕಾರ ವ್ಯಕ್ತಿಗಳ ಅರ್ಜಿ ಎ-1 ನಮೂನೆಯಲ್ಲಿರಬೇಕು. ವೈದ್ಯರ ಪ್ರಮಾಣಪತ್ರ, ಕೋವಿ ಬಳಕೆಯ ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ಮನೆಯಲ್ಲಿ ಭದ್ರವಾಗಿ ಇಡುವೆನೆಂಬ ಮುಚ್ಚಳಿಕೆ ಇವೆಲ್ಲ ಬೇಕು. ವಯಸ್ಸು 21 ತುಂಬಿರಬೇಕು. ಅರ್ಜಿ ಸೇರುವುದು ಜಿಲ್ಲಾಧಿಕಾರಿಗಳ ಕಚೇರಿಗೆ. ಅಲ್ಲಿಂದ ಅದು ಹಲಸಿನ ಮರದಂತೆ ಕವಲೊಡೆಯುತ್ತದೆ. ಒಂದು ಕವಲು ಪೊಲೀಸಿಗೆ, ಒಂದು ಕಂದಾಯಕ್ಕೆ, ಹಲವು ಊರುಗಳಲ್ಲಿ ಮೂರನೆಯದು ಅರಣ್ಯಕ್ಕೆ. ಮೂರೂ ಕವಲಿನ ಕಾಯಿ ಒಟ್ಟಿಗೆ ಮಾಗಿದರೆ ಮಾತ್ರ ಪರವಾನಗಿ.

ಎಲ್ಲರೂ ಬೈಯುವುದು ಠಾಣೆಯನ್ನು. ನನ್ನ ಅನುಭವದಲ್ಲಿ ಠಾಣೆಯ ವರದಿ ಅಷ್ಟೇನೂ ತಡವಾಗುವುದಿಲ್ಲ. ಪೊಲೀಸ್ ವರದಿಗೆ ನಿಯಮದಲ್ಲಿ 30 ದಿನದ ಗಡುವಿದೆ. ಅಷ್ಟರಲ್ಲಿ ಬಾರದಿದ್ದರೆ ವರದಿಗೆ ಕಾಯದೆ ಆದೇಶ ಮಾಡುವ ಅಧಿಕಾರವನ್ನೂ ಕಾಯ್ದೆ ಪರವಾನಗಿ ಪ್ರಾಧಿಕಾರಕ್ಕೆ ಕೊಟ್ಟಿದೆ. ಹಾಗೆ ಮಾಡಿದ ಅಧಿಕಾರಿಯನ್ನು ನಾನಂತೂ ಕಂಡಿಲ್ಲ, ಅದು ಬೇರೆ ಮಾತು. ಹೆಚ್ಚಿನ ಅರ್ಜಿಗಳು ಸಿಕ್ಕಿಕೊಳ್ಳುವುದು ನಮ್ಮದೇ ಪಹಣಿಯಲ್ಲಿ. ಬೆಳೆರಕ್ಷಣೆಗೆ ಕೋವಿ ಕೇಳುವವನ ಹೆಸರಿನಲ್ಲಿ ಬೆಳೆ ಇರಬೇಕಷ್ಟೆ? ಪಹಣಿ ತೆಗೆದು ನೋಡಿದರೆ ಅಜ್ಜನ ಹೆಸರು. ಅಜ್ಜ ತೀರಿಕೊಂಡು ಮೂವತ್ತು ವರ್ಷ. ಅಪ್ಪನ ಕಾಲದಲ್ಲಿ ಪೌತಿ ಖಾತೆ ಆಗಲಿಲ್ಲ. ಅಣ್ಣತಮ್ಮಂದಿರಲ್ಲಿ ಬಾಯಿಮಾತಿನ ಪಾಲು. ತೋಟ ಮಾಡುವವನು ತಮ್ಮ, ಖಾತೆ ಇರುವುದು ಬೆಂಗಳೂರಿನ ಅಣ್ಣನೊಂದಿಗೆ ಜಂಟಿಯಾಗಿ. ಬಗರ್‌ಹುಕುಂ ಜಾಗದವರ ಪಾಡು ಇನ್ನೂ ಕಷ್ಟ, ತೋಟವಿದೆ, ದಾಖಲೆಯಿಲ್ಲ. ಕೋವಿಯ ಅರ್ಜಿ ಹಾಕುವ ಮೊದಲು ಪೌತಿ ಖಾತೆ ಮಾಡಿಸಿಕೊಳ್ಳಿ ಎಂದು ಎಷ್ಟು ಸಲ ಹೇಳಿದರೂ ಸಾಲದು. ಅದು ಕೋವಿಗೆ ಮಾತ್ರವಲ್ಲ, ಬೆಳೆಸಾಲಕ್ಕೂ ಬೇಕು, ನಾಳೆ ಬೆಳೆ ನಷ್ಟದ ಪರಿಹಾರಕ್ಕೂ ಬೇಕು.

ಮೂರನೆಯ ಕವಲಿನ ಸಂಗತಿ ಬಹುಮಂದಿಗೆ ಗೊತ್ತೇ ಇಲ್ಲ. ಕಚೇರಿಯವರು ಹೇಳುವುದೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೆಯ ಕಲಮಿನ ಪ್ರಕಾರ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗಿನ ಪ್ರದೇಶದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಾನುಮತಿಯಿಲ್ಲದೆ ಹೊಸ ಕೋವಿ ಪರವಾನಗಿ ಕೊಡುವಂತಿಲ್ಲ. ರಾಷ್ಟ್ರೀಯ ಉದ್ಯಾನಗಳಿಗೂ ಇದು ಅನ್ವಯಿಸುತ್ತದೆ. ಈಗಾಗಲೇ ಪರವಾನಗಿ ಇರುವವರು ತಮ್ಮ ಹೆಸರು ನೋಂದಾಯಿಸಬೇಕೆಂದೂ ಅದೇ ಕಲಮು ಹೇಳುತ್ತದೆ. ಭದ್ರಾ, ಕುದುರೆಮುಖ, ಸೋಮೇಶ್ವರ, ಮೂಕಾಂಬಿಕಾ, ಪುಷ್ಪಗಿರಿ, ಬ್ರಹ್ಮಗಿರಿ, ನಾಗರಹೊಳೆ, ಇವುಗಳ ಸುತ್ತ ಹತ್ತು ಹತ್ತು ಕಿಲೋಮೀಟರಿನ ಬಳೆ ಎಳೆದು ನೋಡಿ. ಕಾಫಿ, ಅಡಿಕೆ ಬೆಳೆಯುವ ಊರುಗಳು ಎಷ್ಟೊಂದು ಅದರೊಳಗೆ ಬೀಳುತ್ತವೆ! ಪ್ರಾಣಿಯ ಕಾಟ ಹೆಚ್ಚಿರುವುದೂ ಈ ಬಳೆಯೊಳಗೇ, ಪರವಾನಗಿ ನಿಧಾನವಾಗುವುದೂ ಈ ಬಳೆಯೊಳಗೇ. ಕಾಡಿನ ಪಕ್ಕ ಕೋವಿ ಹೆಚ್ಚಾದರೆ ಬೇಟೆಗಾರರಿಗೆ ಅನುಕೂಲವಾದೀತೆಂಬ ಅರಣ್ಯ ಇಲಾಖೆಯ ಅಳುಕಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಬೇಡವೆಂದಾದರೆ ಬೇಡವೆಂದು ಬರೆದು ಕಳಿಸಲಿ.

ಇಲ್ಲೊಬ್ಬ ಸದಸ್ಯರ ಸಂಗತಿಯನ್ನು ಹೇಳಬೇಕು. ಎರಡೂವರೆ ಎಕರೆ ಅಡಿಕೆ, ಒಂದೆಕರೆ ಕಾಫಿ. ಅವರ ತಂದೆಯವರ ಬಳಿ ಒಂಟಿ ನಳಿಗೆಯ ತೋಟಾ ಕೋವಿಯೊಂದು ನಲವತ್ತು ವರ್ಷಕ್ಕೂ ಮೇಲ್ಪಟ್ಟು ಇತ್ತು. ತಂದೆ ತೀರಿಕೊಂಡರು. ಪರವಾನಗಿದಾರರು ತೀರಿಕೊಂಡರೆ ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಠಾಣೆಯಲ್ಲಿ ಇಲ್ಲವೇ ಪರವಾನಗಿ ಪಡೆದ ಕೋವಿ ವ್ಯಾಪಾರಿಯಲ್ಲಿ ಠೇವಣಿ ಇಡಬೇಕು. ಇವರು ತಿಂಗಳಿಗೆ ಇಷ್ಟೆಂದು ಬಾಡಿಗೆ ಒಪ್ಪಿ ವ್ಯಾಪಾರಿಯಲ್ಲಿಟ್ಟು ವಾರಸುದಾರನೆಂದು ಅರ್ಜಿ ಹಾಕಿದರು. ಠಾಣೆಯವರು ಮಜರು ಮಾಡಿ ಒಳ್ಳೆಯ ವರದಿ ಕೊಟ್ಟರು. ಆಮೇಲೆ ಸದ್ದಿಲ್ಲ. ಹೋದಾಗಲೊಮ್ಮೆ ಫೈಲು ಮೇಲೆ ಹೋಗಿದೆ ಎಂದರು. ಇನ್ನೊಮ್ಮೆ ಕೆಳಗೆ ಬಂದಿದೆ ಎಂದರು. ವಿಷಯ ನಿರ್ವಾಹಕರು ಮೂರು ಸಲ ಬದಲಾದರು. ಪ್ರತಿ ಸಲ ಹೋಗಿಬರಲು ಒಂದು ದಿನ, ಬಸ್ಸಿನ ಖರ್ಚು, ಹೋಟೆಲಿನ ಊಟ. ಆ ದಿನ ತೋಟದಲ್ಲಿ ಮಂಗನಿಗೆ ಹಬ್ಬ.

ಕೊನೆಗೆ ಸಂಘದಲ್ಲಿ ಕುಳಿತು ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಬರೆದೆವು. ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಕಡತದ ಪ್ರತಿ ಕೈಗೆ ಬಂದಾಗ ನಿಜಾಂಶ ಹೊರಬಿತ್ತು. ವಾರಸುದಾರನ ಪರವಾನಗಿಯನ್ನೂ ಹೊಸದೆಂದೇ ಎಣಿಸಿ, ತೋಟವು ಅಭಯಾರಣ್ಯದಿಂದ ಎಷ್ಟು ದೂರವೆಂದು ಅರಣ್ಯದವರನ್ನು ಕೇಳಿದ್ದರು. ಅವರು ಸರ್ವೆ ನಕ್ಷೆ ಬೇಕೆಂದು ಮರಳಿ ಬರೆದಿದ್ದರು. ನಕ್ಷೆ ಒದಗಿಸಿರೆಂದು ಇವರ ಮನೆಗೊಂದು ಪತ್ರವೂ ಹೊರಟಿತ್ತು. ಆದರೆ ಕಡತದ ಹೊದಿಕೆಯ ಮೇಲಿದ್ದ ಹಳೆಯ ಪರವಾನಗಿದಾರರ ಹೆಸರಿಗೆ, ಅಂದರೆ ತೀರಿಕೊಂಡ ತಂದೆಯವರ ಹೆಸರಿಗೆ! ವಿಳಾಸದಾರರು ಮೃತರಾಗಿದ್ದಾರೆಂಬ ಷರಾದೊಂದಿಗೆ ಟಪಾಲು ಹಿಂದಿರುಗಿ, ಅದೇ ಕಡತದಲ್ಲಿ ದಾರ ಕಟ್ಟಿಸಿಕೊಂಡು ಹದಿನಾಲ್ಕು ತಿಂಗಳು ಮಲಗಿತ್ತು. ನಕ್ಷೆಯನ್ನು ಮರುವಾರವೇ ಕೊಟ್ಟೆವು. ಈಗ ಅರಣ್ಯದ ಒಪ್ಪಿಗೆಗಾಗಿ ಕಾಯುತ್ತಿದ್ದಾರೆ. "ಇವರ ತಿಥಿ ಮೂರು ಸಲ ಆಯ್ತು, ಕೋವಿ ಮಾತ್ರ ಇನ್ನೂ ಮನೆಗೆ ಬಂದಿಲ್ಲ" ಎಂದರು ಅವರ ತಾಯಿ.

ಇಂಥ ಠೇವಣಿಯ ಕೋವಿಯ ಬಗ್ಗೆ ಒಂದು ಎಚ್ಚರಿಕೆ. ನಿಗದಿತ ಅವಧಿಯೊಳಗೆ ಅದನ್ನು ಹಿಂದಕ್ಕೆ ಪಡೆಯದೆ, ಮಾರದೆ ಬಿಟ್ಟರೆ ಜಿಲ್ಲಾ ದಂಡಾಧಿಕಾರಿಗಳ ಆದೇಶದ ಮೇಲೆ ಅದು ಸರ್ಕಾರಕ್ಕೆ ಮುಟ್ಟುಗೋಲಾಗಬಹುದೆಂದು ಕಾಯ್ದೆಯ 21ನೆಯ ಕಲಮು ಹೇಳುತ್ತದೆ. ಆದ್ದರಿಂದ ವಾರಸಿನ ಅರ್ಜಿ ಬಾಕಿಯಿದೆ ಎಂದು ಠೇವಣಿ ಇಟ್ಟಲ್ಲಿಗೂ ಜಿಲ್ಲಾಧಿಕಾರಿ ಕಚೇರಿಗೂ ಬರಹದಲ್ಲಿ ತಿಳಿಸಿ ಸ್ವೀಕೃತಿ ಪಡೆದುಕೊಳ್ಳಿ. ಇದಕ್ಕಿಂತ ಮೇಲಾದ ದಾರಿಯೊಂದಿದೆ. ಪರವಾನಗಿದಾರರಿಗೆ 70 ವರ್ಷ ತುಂಬಿದಾಗ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದಾಗ, ಯಾವುದು ಮೊದಲೋ ಆಗ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಪರವಾನಗಿ ಕೊಡಲು 2016ರ ನಿಯಮಾವಳಿಯಲ್ಲಿ ಅವಕಾಶವಿದೆ. ನಮ್ಮ ಸದಸ್ಯರಲ್ಲಿ ಎಪ್ಪತ್ತು ದಾಟಿದ ಪರವಾನಗಿದಾರರು ಬೇಕಾದಷ್ಟು ಇದ್ದಾರೆ. ಕೋವಿಯನ್ನು ಮಗನಿಗೆ ಬರೆದುಕೊಟ್ಟರೆ ಯಜಮಾನಿಕೆ ಹೋದೀತೆಂಬ ಸಂಕೋಚ ಅವರಿಗೆ. ವಾರಸುದಾರರೆಂದರೆ ಮಗನೇ ಆಗಬೇಕೆಂದೂ ಇಲ್ಲ. ಹೆಂಡತಿಯೂ ಮಗಳೂ ವಾರಸುದಾರರೇ. ಗಂಡ ತೀರಿಕೊಂಡಮೇಲೆ ತೋಟ ನಡೆಸುವ ಹೆಂಗಸರು ನಮ್ಮಲ್ಲಿದ್ದಾರೆ, ನಮಗಿಂತ ಚೆನ್ನಾಗಿಯೇ ನಡೆಸುತ್ತಿದ್ದಾರೆ.

ನಿರಾಕರಣೆಗಿಂತ ಮೌನ ಕೆಟ್ಟದ್ದು ಎಂಬುದು ಈ ವರ್ಷಗಳಲ್ಲಿ ನನಗೆ ಕಂಡುಬಂದಿರುವ ವಿಷಯ. ಪರವಾನಗಿ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ಅರ್ಜಿದಾರ ಕೇಳಿದರೆ, ಸಾರ್ವಜನಿಕ ಹಿತಕ್ಕೆ ಅಡ್ಡಿಯಿಲ್ಲದಿದ್ದಲ್ಲಿ, ಅದರ ಸಂಕ್ಷಿಪ್ತ ವಿವರ ಕೊಡಬೇಕು. 18ನೆಯ ಕಲಮಿನಡಿ ಮೇಲ್ಮನವಿಯೂ ಇದೆ. ಆದರೆ ಮೇಲ್ಮನವಿಗೆ ಆದೇಶವೆಂಬುದೊಂದು ಇರಬೇಕಲ್ಲ! ಹೌದೆಂದೂ ಹೇಳದೆ, ಇಲ್ಲವೆಂದೂ ಹೇಳದೆ ಕಡತ ಮಲಗಿದರೆ ಬೆಳೆಗಾರ ಯಾವ ಬಾಗಿಲನ್ನು ತಟ್ಟಬೇಕು? ಆದೇಶ ಮಾಡಿರೆಂದು ನಿರ್ದೇಶನ ಕೋರಿ ಉಚ್ಚ ನ್ಯಾಯಾಲಯಕ್ಕೆ ರಿಟ್ ಹಾಕಬಹುದು. ಎರಡೆಕರೆಯವನಿಗೆ ಅದರ ಖರ್ಚು ಕೋವಿಯ ಬೆಲೆಗಿಂತ ಹೆಚ್ಚಾದೀತು. ಆದ್ದರಿಂದ ಕಚೇರಿಗೆ ಹೋದಾಗ ಬಾಯಿಮಾತಿನ ಸಮಾಧಾನ ತೆಗೆದುಕೊಂಡು ಬರಬೇಡಿ. ಒಂದು ಹಾಳೆಯಲ್ಲಿ ಅರ್ಜಿಯ ಸಂಖ್ಯೆ, ದಿನಾಂಕ ಬರೆದು, ಯಾವ ಹಂತದಲ್ಲಿದೆ ತಿಳಿಸಿರೆಂದು ಟಪಾಲಿನಲ್ಲಿ ಕೊಟ್ಟು ಮೊಹರು ಹಾಕಿಸಿಕೊಳ್ಳಿ, ಹಿಂಬರಹ ಕೇಳಿ. ನಗುನಗುತ್ತಲೇ ಕೇಳಿ. ವಿಷಯ ನಿರ್ವಾಹಕರೂ ನಮ್ಮ ಹಾಗೆಯೇ ಸಂಸಾರಸ್ಥರು, ಅವರ ಮೇಜಿನ ಮೇಲೆ ನೂರು ಕಡತ.

ಇಷ್ಟೆಲ್ಲ ಕಾದು ಪಡೆದ ಕೋವಿಯಿಂದ ಏನು ಮಾಡಬಹುದು? ಈ ಪ್ರಶ್ನೆಯನ್ನು ಅರ್ಜಿ ಹಾಕುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಕೋವಿ ಇಟ್ಟುಕೊಳ್ಳುವ ಪರವಾನಗಿ ಬೇರೆ, ಪ್ರಾಣಿ ಕೊಲ್ಲುವ ಅನುಮತಿ ಬೇರೆ. ಮಂಗ, ಆನೆ, ಕಾಟಿ, ನವಿಲು ಇವೆಲ್ಲ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಕಾಡುಹಂದಿ 2022ರ ತಿದ್ದುಪಡಿಯ ನಂತರ ಎರಡನೆಯ ಅನುಸೂಚಿಯಲ್ಲಿದೆ. ಬೆಳೆಹಾನಿಯ ಸಂದರ್ಭದಲ್ಲಿ 11ನೆಯ ಕಲಮಿನಡಿ ಅಧಿಕೃತ ಅರಣ್ಯಾಧಿಕಾರಿಯಿಂದ ಬರಹದ ಅನುಮತಿ ಬಂದರೆ ಮಾತ್ರ ಹೊಡೆಯಬಹುದು. ಅನುಮತಿಯಿಲ್ಲದೆ ಹೊಡೆದರೆ ಕೋವಿಯೂ ಹೋಯಿತು, ಪರವಾನಗಿಯೂ ಹೋಯಿತು, ಮೇಲೆ ಮೊಕದ್ದಮೆ. ಹಾಗಾಗಿ ನಮ್ಮ ಕೋವಿಯ ಕೆಲಸ ಬಹುಪಾಲು ಸದ್ದು ಮಾಡುವುದು. ಹಿಂಡು ತೋಟದ ಅಂಚಿಗೆ ಬಂದಾಗ ಆಕಾಶಕ್ಕೊಂದು ಈಡು. ಮೊದಲೆಲ್ಲ ಅದಕ್ಕೇ ವಾರಗಟ್ಟಲೆ ಮಂಗ ಈ ಕಡೆ ತಲೆ ಹಾಕುತ್ತಿರಲಿಲ್ಲ. ಈಗಿನ ಮಂಗಗಳು ಪೇಟೆ ನೋಡಿದವು; ಅರ್ಧ ಗಂಟೆ ಬಿಟ್ಟು ತಿರುಗಿ ಬರುತ್ತವೆ. ಆದರೂ ಗರ್ನಾಲಿಗೆ ಹೆದರದ್ದು ಈಡಿಗೆ ಒಂದಿಷ್ಟು ಹೆದರುತ್ತದೆಂದು ಎಲ್ಲರ ಅನುಭವ. ರಾತ್ರಿ ಗದ್ದೆಯ ಮಾಳದಲ್ಲಿ ಒಬ್ಬನೇ ಮಲಗುವವನಿಗೆ ಪಕ್ಕದಲ್ಲೊಂದು ಕೋವಿಯಿದ್ದರೆ ಬರುವ ಧೈರ್ಯವನ್ನು ಯಾವ ನಮೂನೆಯಲ್ಲೂ ಬರೆಯಲಿಕ್ಕಾಗುವುದಿಲ್ಲ. (ಮಂಗನ ಮಾತು ಬಂದದ್ದರಿಂದ ಹೇಳುತ್ತೇನೆ: ತೋಟದಲ್ಲಿ ಮಂಗ ಸತ್ತು ಬಿದ್ದದ್ದು ಕಂಡರೆ ಕೈಯಿಂದ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನಕಾಯಿಲೆ ಮಲೆನಾಡನ್ನು ಇನ್ನೂ ಬಿಟ್ಟುಹೋಗಿಲ್ಲ.)

ಕಾದು ಕಾದು ಬೇಸತ್ತವರು ಹಿಡಿಯುವ ಅಡ್ಡದಾರಿಗಳೂ ನನಗೆ ತಿಳಿಯದ್ದೇನಲ್ಲ. ಪರವಾನಗಿಯಿಲ್ಲದ ನಾಡಕೋವಿ ಸಿಕ್ಕಿದರೆ, 2019ರ ತಿದ್ದುಪಡಿಯಿಂದೀಚೆಗೆ, ಎರಡು ವರ್ಷಕ್ಕೆ ಕಡಿಮೆಯಿಲ್ಲದ, ಐದು ವರ್ಷದವರೆಗಿನ ಸೆರೆವಾಸ ಮತ್ತು ದಂಡ. ಬೇಲಿಗೆ ನೇರ ಕರೆಂಟು ಕೊಡುವುದಂತೂ ಕೋವಿಗಿಂತ ಘೋರ. ಹಂದಿಗೆ ಇಟ್ಟದ್ದು ಬೆಳಿಗ್ಗೆ ಹುಲ್ಲು ಕೊಯ್ಯಲು ಬಂದ ಪಕ್ಕದ ಮನೆಯವರನ್ನು ತೆಗೆದುಕೊಳ್ಳುತ್ತದೆ. ಈ ವಿಷಯದಲ್ಲಿ ಸಂಘದಿಂದ ಯಾವ ಸಹಾಯವನ್ನೂ, ಯಾವ ಶಿಫಾರಸನ್ನೂ ದಯಮಾಡಿ ನಿರೀಕ್ಷಿಸಬೇಡಿ.

ಪರವಾನಗಿ ಬಂದವರಿಗೂ ಕೆಲವು ಮಾತು. ಅದೇ 2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ. ಒಬ್ಬರ ಬಳಿ ಇರಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಐದು ವರ್ಷವೆಂದರೆ ಮರೆತುಹೋಗುವಷ್ಟು ದೀರ್ಘ. ಅವಧಿ ಮುಗಿಯುವ ಮೂರು ತಿಂಗಳ ಮೊದಲೇ ನವೀಕರಣಕ್ಕೆ ಅರ್ಜಿ ಕೊಡಿ. ಹಳೆಯ ಪುಸ್ತಕದ ಪರವಾನಗಿ ಇರುವವರು ಅದಕ್ಕೆ ವಿಶಿಷ್ಟ ಗುರುತಿನ ಸಂಖ್ಯೆ ಬಿದ್ದಿದೆಯೇ ಎಂದು ನೋಡಿಕೊಳ್ಳಿ. ವರ್ಷಕ್ಕೆ ಎಷ್ಟು ತೋಟಾ ಕೊಳ್ಳಬಹುದು, ಒಮ್ಮೆಗೆ ಎಷ್ಟು ಇಟ್ಟುಕೊಳ್ಳಬಹುದು, ಯಾವ ಪ್ರದೇಶದೊಳಗೆ ಕೋವಿ ಒಯ್ಯಬಹುದು ಎಂಬುದೆಲ್ಲ ಅದರಲ್ಲೇ ಬರೆದಿರುತ್ತದೆ. ಕನ್ನಡಕ ಹಾಕಿಕೊಂಡು ಒಮ್ಮೆ ಓದಿ.

ಕೊನೆಯದಾಗಿ ಚುನಾವಣೆ. ನೀತಿಸಂಹಿತೆ ಜಾರಿಯಾದೊಡನೆ ಕೋವಿ ಠಾಣೆಗೆ ತನ್ನಿರೆಂದು ಕರೆ ಬರುತ್ತದೆ. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ. ಅದಕ್ಕೂ ಮೊದಲು 2020ರ ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯತಿ ಚುನಾವಣೆ, ಅಂದರೆ ಅರೇಬಿಕಾ ಕೊಯ್ಲು, ಅಡಿಕೆ ಕೊಯ್ಲು, ಗದ್ದೆ ಕೊಯ್ಲು ಮೂರೂ ಮೈಮೇಲೆ ಬಿದ್ದಿರುವ ಕಾಲ. ಯಾರ ಕೋವಿ ಠೇವಣಿಯಾಗಬೇಕೆಂಬುದನ್ನು ಜಿಲ್ಲೆಯ ಪರಿಶೀಲನಾ ಸಮಿತಿ ಒಬ್ಬೊಬ್ಬರ ಸಂಗತಿಯನ್ನು ನೋಡಿ ತೀರ್ಮಾನಿಸಬೇಕೆಂಬುದು ಚುನಾವಣಾ ಆಯೋಗದ ಸೂಚನೆ. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಭಾಗಿಯಾದವರು, ಮುಖ್ಯವಾಗಿ ಇಂಥವರ ಮೇಲೆ ಕಣ್ಣು. ಬೆಳೆರಕ್ಷಣೆಯ ಪರವಾನಗಿದಾರರು ವಿನಾಯಿತಿ ಕೋರಿ ಈ ಸಮಿತಿಗೆ ಅರ್ಜಿ ಕೊಡಬಹುದು. ಚುನಾವಣೆ ಘೋಷಣೆಯಾದ ವಾರದಲ್ಲೇ ಬಂದರೆ ಸಂಘದಲ್ಲಿ ಅರ್ಜಿ ಬರೆದುಕೊಡುತ್ತೇವೆ. ಪಹಣಿಯ ಪ್ರತಿ, ಪರವಾನಗಿಯ ಪ್ರತಿ ಮತ್ತು ಬೆಳೆಹಾನಿಯ ಒಂದೆರಡು ಚಿತ್ರ ತನ್ನಿ. ವಿನಾಯಿತಿ ಸಿಗದಿದ್ದರೆ ಕೋವಿಯನ್ನು ಕೊಡುವ ಹಿಂದಿನ ದಿನ ನಳಿಗೆಯನ್ನು ಒರೆಸಿ, ಒಳಗೂ ಹೊರಗೂ ಎಣ್ಣೆ ಸವರಿ, ಒಣ ಬಟ್ಟೆಯಲ್ಲಿ ಸುತ್ತಿ ಕೊಡಿ. ರಶೀದಿಯಲ್ಲಿ ಕೋವಿಯ ನಂಬರು ಬರೆಸಿಕೊಳ್ಳಿ. ಹಿಂದಕ್ಕೆ ತರುವಾಗ ಠಾಣೆಯ ಜಗಲಿಯಲ್ಲೇ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ನಂಬರು ತಾಳೆಹಾಕಿಕೊಂಡು ಸಹಿ ಮಾಡಿ.